ಸರಪಳಿ ಕಾಣದ ಘೇಂಡಾಮೃಗ

ಎಲ್ಲರಿಗೂ ನಮಸ್ಕಾರ.

ಸಮಾಜ ವಿಜ್ಞಾನ ಕಲಿಸುವ ಇಷ್ಟು ಜನ ಶಿಕ್ಷಕರು ಒಂದೇ ಕಡೆ ಸಿಗುವುದು ಅಪರೂಪ. ಅದಕ್ಕೆ ಪೀಠಿಕೆ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ದೂರು ಒಂದೇ. ನಾವು ಇತಿಹಾಸವನ್ನು ರಾಜನಿಂದ ಶುರು ಮಾಡುತ್ತೇವೆ. ರಾಜ, ಅವನ ಅಪ್ಪ, ಪಟ್ಟಕ್ಕೆ ಬಂದ ವರ್ಷ, ಗೆದ್ದ ಯುದ್ಧ. ಕೊನೆಗೆ ‘ಕಲೆ ಮತ್ತು ವಾಸ್ತುಶಿಲ್ಪ’ ಅಂತ ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ‘ಅದನ್ನು ಮನೆಯಲ್ಲಿ ಓದಿಕೊಳ್ಳಿ’ ಅಂತೀವಿ. ಯಾವ ಮಗು ಓದುತ್ತೆ ಹೇಳಿ?

ಇದನ್ನು ತಿರುವು ಹಾಕಿ ಅಂತ ಕೇಳಿಕೊಳ್ಳಲು ಬಂದಿದ್ದೇನೆ. ಮೊದಲು ಮಕ್ಕಳ ಮುಂದೆ ಒಂದು ವಸ್ತು ಇಡಿ. ವಸ್ತು ಸಿಗದಿದ್ದರೆ ಅದರ ಚಿತ್ರ ಇಡಿ. ಹತ್ತು ನಿಮಿಷ ಸುಮ್ನೆ ನೋಡಲು ಬಿಡಿ. ಆಮೇಲೆ ಕೇಳಿ: ಇದನ್ನು ಮಾಡಿದವರು ಯಾರು? ಹೊತ್ತು ತಂದವರು ಯಾರು? ಇದರಲ್ಲಿ ಏನು ಕಾಣಿಸುತ್ತಿಲ್ಲ? ರಾಜ ಆಮೇಲೆ ಬರಲಿ. ಅವನೇನೂ ತಪ್ಪಿಸಿಕೊಳ್ಳುವುದಿಲ್ಲ, ಪುಸ್ತಕದಲ್ಲಿ ಗಟ್ಟಿಯಾಗಿ ಕೂತಿರುತ್ತಾನೆ.

ಇವತ್ತು ನಾಲ್ಕು ವಸ್ತುಗಳ ಚಿತ್ರ ತಂದಿದ್ದೇನೆ. ಜರ್ಮನಿಯ ಒಂದು ಮುದ್ರಿತ ಚಿತ್ರ, ಇಟಲಿಯಲ್ಲಿ ಸಿಕ್ಕಿದ ಒಂದು ದಂತದ ಬೊಂಬೆ, ನಮ್ಮ ಮಂಡ್ಯ ಸೀಮೆಯ ಒಂದು ಕಲ್ಲು, ಸ್ಕಾಟ್ಲೆಂಡಿನ ಚದುರಂಗದ ಕಾಯಿಗಳು. ಕಾಲಕ್ರಮ ನೋಡಿದರೆ ಇದು ಹಿಂದುಮುಂದಾಗಿದೆ. ಇರಲಿ. ನನಗೆ ತುಂಬ ಇಷ್ಟವಾದದ್ದರಿಂದ ಶುರು ಮಾಡುತ್ತೇನೆ.

ಪರದೆ ನೋಡಿ. ಹಿಂದಿನ ಸಾಲಿನವರಿಗೆ ಕಾಣುತ್ತಿದೆಯಾ? ಆ ಎರಡು ದೀಪ ಆರಿಸಿದರೆ ಒಳ್ಳೇದು.

ಇದು ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ನ್ಯೂರೆಂಬರ್ಗ್ ಊರಿನಲ್ಲಿ ಮಾಡಿದ ಘೇಂಡಾಮೃಗದ ಚಿತ್ರ. ನಿಧಾನವಾಗಿ ನೋಡಿ. ಮೈಮೇಲೆ ಲೋಹದ ತಗಡಿನ ಕವಚ ತೊಡಿಸಿದ ಹಾಗಿದೆ. ಕವಚದ ಅಂಚಿನಲ್ಲಿ ಮೊಳೆ ಹೊಡೆದಂಥ ಚುಕ್ಕೆಗಳು. ಕಾಲಿನ ಮೇಲೆ ಪೊರೆ. ಹಿಂಭಾಗದಲ್ಲಿ ಗರಗಸದಂಥ ಹಲ್ಲು. ಹೆಗಲ ಹತ್ತಿರ ನೋಡಿ, ತಿರುಚಿಕೊಂಡ ಒಂದು ಪುಟ್ಟ ಕೊಂಬು. ಮೈಸೂರು ಮೃಗಾಲಯದಲ್ಲಿ ಘೇಂಡಾಮೃಗ ನೋಡಿದವರು ಇಲ್ಲಿ ತುಂಬ ಜನ ಇದ್ದೀರಿ. ಹೆಗಲ ಮೇಲೆ ಕೊಂಬು ಇರುವುದಿಲ್ಲ, ಅಲ್ವಾ? ಕಾಲಿನ ಮೇಲೆ ಪೊರೆಯೂ ಇರುವುದಿಲ್ಲ.

ಡ್ಯೂರರ್ ಘೇಂಡಾಮೃಗವನ್ನು ನೋಡಿಯೇ ಇರಲಿಲ್ಲ. ಸಾಯುವವರೆಗೂ ನೋಡಲಿಲ್ಲ. ಅವನ ಕೈಗೆ ಬಂದದ್ದು ಲಿಸ್ಬನ್‌ನಿಂದ ಬಂದ ಸುದ್ದಿ ಮತ್ತು ಯಾರೋ ಗೀಚಿದ ಒಂದು ಚಿತ್ರ. ಆ ಪ್ರಾಣಿ ಮಾತ್ರ ನಿಜವಾಗಿ ಇತ್ತು. ಅದು ನಮ್ಮ ದೇಶದ್ದು. ಅದರ ಕಥೆ ಕೇಳಿ.

1514. ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಗೋವಾದಲ್ಲಿ ಕೂತಿದ್ದಾನೆ. ನಾಲ್ಕು ವರ್ಷದ ಹಿಂದೆ ಬಿಜಾಪುರದ ಆದಿಲ್ ಷಾನಿಂದ ಗೋವಾವನ್ನು ಕಿತ್ತುಕೊಂಡಿದ್ದ. ಅದಕ್ಕೆ ನೆರವಾದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ತಿಮೋಜ ಅಂತ ಬರೆದುಕೊಂಡಿರುವುದು ಇವನನ್ನೇ. ಹಡಗು ಇದ್ದವನು, ಕರಾವಳಿಯ ಮೂಲೆ ಮೂಲೆ ಬಲ್ಲವನು. ಗೋವಾದ ಮೇಲೆ ಬೀಳಲು ಇದೇ ಸಮಯ ಅಂತ ಅಲ್ಬುಕರ್ಕ್‌ಗೆ ಹೇಳಿದವನು ಅವನೇ. ಈ ತಿಮ್ಮಯ್ಯನ ಬಗ್ಗೆ ಬೇರೆಯೇ ಒಂದು ಉಪನ್ಯಾಸ ಬೇಕು. ಉತ್ತರ ಕನ್ನಡದವರು ಯಾರಾದರೂ ಆ ಕೆಲಸ ಮಾಡಬೇಕು, ಇಲ್ಲೇ ಕೇಳಿಕೊಳ್ಳುತ್ತೇನೆ.

ಅಲ್ಬುಕರ್ಕ್‌ಗೆ ಗುಜರಾತಿನ ದಿಯು ಬಂದರಿನಲ್ಲಿ ಕೋಟೆ ಕಟ್ಟುವ ಆಸೆ. ಸುಲ್ತಾನ ಎರಡನೇ ಮುಜಫರ್ ಷಾನ ಬಳಿಗೆ ರಾಯಭಾರಿಗಳನ್ನು ಉಡುಗೊರೆ ಕೊಟ್ಟು ಕಳಿಸಿದ. ಸುಲ್ತಾನ ಕೋಟೆಗೆ ಒಪ್ಪಲಿಲ್ಲ. ಹಾಗಂತ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲವಲ್ಲ. ಅವನೂ ಉಡುಗೊರೆ ಕೊಟ್ಟ. ಅದರಲ್ಲಿ ಒಂದು ಜೀವಂತ ಘೇಂಡಾಮೃಗ. ಕೋಟೆ ಕೇಳಿದವನಿಗೆ ಘೇಂಡಾಮೃಗ ಸಿಕ್ಕಿತು! ಅದನ್ನು ಗೋವಾದಲ್ಲಿ ಇಟ್ಟುಕೊಂಡು ಏನು ಮಾಡುವುದು? ತನ್ನ ದೊರೆ ಮ್ಯಾನುಯೆಲ್‌ಗೆ ಕಳಿಸಿಬಿಡೋಣ ಅಂದುಕೊಂಡ.

1515ರ ಜನವರಿಯಲ್ಲಿ ಗೋವಾದಿಂದ ಹಡಗು ಹೊರಟಿತು. ಒಳಗೆ ಸಾಂಬಾರ ಪದಾರ್ಥ. ಜೊತೆಗೆ ಈ ಪ್ರಾಣಿ. ಪ್ರಾಣಿಯ ಜೊತೆ ಅದನ್ನು ನೋಡಿಕೊಳ್ಳುವ ಒಬ್ಬ ಭಾರತೀಯ. ಪೋರ್ಚುಗೀಸ್ ದಾಖಲೆಯಲ್ಲಿ ಅವನ ಹೆಸರು ಓಸೆಂ ಅಂತಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಘೇಂಡಾಮೃಗದ ಬಗ್ಗೆ ಯುರೋಪಿನಲ್ಲಿ ಬರೆದ ಪುಟಗಳಿಗೆ ಲೆಕ್ಕವಿಲ್ಲ. ಡ್ಯೂರರ್ ಬಗ್ಗೆ ಇನ್ನೂ ಜಾಸ್ತಿ. ಓಸೆಂ ಬಗ್ಗೆ ಉಳಿದಿರುವುದು ಹೆಚ್ಚುಕಡಿಮೆ ಒಂದು ಹೆಸರು. ಸುಮಾರು 120 ದಿನದ ಪ್ರಯಾಣ. ಮೊಜಾಂಬಿಕ್, ಗುಡ್ ಹೋಪ್ ಭೂಶಿರ, ಸೇಂಟ್ ಹೆಲೆನಾ, ಅಜೋರ್ಸ್ ದ್ವೀಪ. ಘೇಂಡಾಮೃಗ ಬೆಳೆದರೆ ಎರಡು ಟನ್ ತೂಗುವ ಪ್ರಾಣಿ. ಅಲೆಯ ಮೇಲೆ ಓಲಾಡುವ ಮರದ ಹಡಗಿನಲ್ಲಿ ಅದು ಬೆದರಿದರೆ ಎಲ್ಲರ ಕಥೆಯೂ ಮುಗಿಯಿತು. ಅದಕ್ಕೆ ದಿನಾ ಮೇವು ಹಾಕಿದವರು ಯಾರು? ನೀರು ಕೊಟ್ಟವರು ಯಾರು? ರಾತ್ರಿ ಅದರ ಉಸಿರು ಕೇಳುತ್ತಾ ಪಕ್ಕದಲ್ಲಿ ಮಲಗಿದವರು ಯಾರು? ಹೊತ್ತು ತಂದವರು ಯಾರು ಅಂತ ಕೇಳಿ ಅಂದದ್ದು ಇದಕ್ಕೇ. ಡ್ಯೂರರ್‌ನ ಚಿತ್ರ ಇವತ್ತು ನಮ್ಮ ಪರದೆಯ ಮೇಲೆ ಇದೆ ಅಂದರೆ, ಆ ಮನುಷ್ಯ ಆ ಪ್ರಾಣಿಯನ್ನು ಜೀವಂತವಾಗಿ ದಡ ಮುಟ್ಟಿಸಿದ್ದರಿಂದ ಇದೆ. ಈ ಮಾತನ್ನು ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅದೇ 1515ರಲ್ಲಿ ಹಂಪಿಯಲ್ಲಿ ಏನು ನಡೆಯಿತು ಅಂತ ನಿಮಗೆ ಗೊತ್ತು. ಉದಯಗಿರಿ ಗೆದ್ದ ಕೃಷ್ಣದೇವರಾಯ ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದು ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠೆ ಮಾಡಿಸಿದ ವರ್ಷ ಅದು. ‘ರಾಯ ತಂದ’ ಅಂತ ಪಾಠ ಮಾಡುತ್ತೇವೆ. ರಾಯ ಹೊತ್ತನೇ? ನೆಲ್ಲೂರು ಸೀಮೆಯಿಂದ ತುಂಗಭದ್ರೆಯ ದಡದವರೆಗೆ ಆ ಕಲ್ಲಿನ ಮಗುವನ್ನು ಗಾಡಿಯಲ್ಲಿಟ್ಟು ಎಳೆದ ಜನ ಇದ್ದರು, ಎತ್ತುಗಳಿದ್ದವು. ಆ ವಿಗ್ರಹ ಈಗ ಚೆನ್ನೈ ಮ್ಯೂಸಿಯಂನಲ್ಲಿದೆ. ಹಂಪಿಯ ಗರ್ಭಗುಡಿ ಖಾಲಿ. ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಮಕ್ಕಳಿಗೆ ಆ ಖಾಲಿ ಜಾಗವನ್ನೂ ತೋರಿಸಿ. ಒಂದು ಕಡೆ ಗೋವಾದಿಂದ ಘೇಂಡಾಮೃಗ ಹಡಗು ಹತ್ತುತ್ತಿದೆ, ಇನ್ನೊಂದು ಕಡೆ ಹಂಪಿಗೆ ಕೃಷ್ಣ ಬರುತ್ತಿದ್ದಾನೆ. ಎರಡೂ ಒಂದೇ ವರ್ಷ. ನಮ್ಮ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯ, ಬೇರೆ ಬೇರೆ ತರಗತಿ. ವಿಜಯನಗರ ಒಂದು ಕಡೆ, ‘ಯುರೋಪಿನ ಪುನರುಜ್ಜೀವನ’ ಇನ್ನೊಂದು ಕಡೆ. ನಡುವೆ ಇದ್ದ ಕುದುರೆ ವ್ಯಾಪಾರ, ಮೆಣಸಿನ ಮೂಟೆ, ತಿಮ್ಮಯ್ಯನ ದೋಣಿ ಎಲ್ಲಿ ಹೋದವು?

ಸರಿ, ಘೇಂಡಾಮೃಗ ಲಿಸ್ಬನ್ ಮುಟ್ಟಿತು. 1515ರ ಮೇ 20. ರೋಮನ್ ಸಾಮ್ರಾಜ್ಯ ಹೋದ ಮೇಲೆ ಯುರೋಪಿಗೆ ಜೀವಂತ ಘೇಂಡಾಮೃಗ ಬಂದದ್ದು ಅದೇ ಮೊದಲು. ಊರಿಗೆ ಊರೇ ನೋಡಲು ಬಂತು. ಆಗ ದಡದಲ್ಲಿ ಬೆಲೆಂ ಗೋಪುರ ಕಟ್ಟುತ್ತಿದ್ದರು. ಆ ಗೋಪುರದ ಒಂದು ಮೂಲೆಯ ಕೆಳಗೆ ಕಲ್ಲಿನಲ್ಲಿ ಘೇಂಡಾಮೃಗದ ತಲೆ ಕೆತ್ತಿದ್ದಾರೆ, ಇವತ್ತಿಗೂ ಇದೆ. ಮಳೆ ಗಾಳಿಗೆ ಸವೆದಿದೆ. ಡ್ಯೂರರ್ ಕೇಳಿ ಬರೆದ. ಇಲ್ಲಿ ಕೆತ್ತಿದವನು ಆ ಊರಿನವನು. ಪ್ರಾಣಿ ಇಳಿದ ಜಾಗವೇ ಅದು.

ಮ್ಯಾನುಯೆಲ್ ದೊರೆಗೆ ಒಂದು ಪ್ರಯೋಗ ಮಾಡುವ ಆಸೆ. ರೋಮಿನ ಪ್ಲಿನಿ ಅಂತ ಒಬ್ಬ ವಿದ್ವಾಂಸ, ಮೊದಲನೇ ಶತಮಾನದವನು, ಪ್ರಪಂಚದ ಎಲ್ಲದರ ಬಗ್ಗೆಯೂ ಬರೆದವನು. ಘೇಂಡಾಮೃಗಕ್ಕೂ ಆನೆಗೂ ಹುಟ್ಟಾ ದ್ವೇಷ, ಘೇಂಡಾಮೃಗ ಕೊಂಬನ್ನು ಕಲ್ಲಿಗೆ ಮಸೆದು ಆನೆಯ ಹೊಟ್ಟೆಗೆ ತಿವಿಯುತ್ತದೆ ಅಂತ ಬರೆದಿದ್ದ. ಮ್ಯಾನುಯೆಲ್ ಬಳಿ ಆನೆಗಳೂ ಇದ್ದವು. ಜೂನ್ 3ರಂದು ಒಂದು ಎಳೆಯ ಆನೆಯನ್ನು ಘೇಂಡಾಮೃಗದ ಎದುರು ಬಿಟ್ಟರು. ಘೇಂಡಾಮೃಗ ನಿಧಾನವಾಗಿ ಹೆಜ್ಜೆ ಹಾಕಿತು. ಆನೆ ಒಂದು ಸಲ ನೋಡಿತು. ತಿರುಗಿ ಓಡಿತು. ಅಷ್ಟೇ ಯುದ್ಧ! ಪ್ಲಿನಿ ಹೇಳಿದ್ದು ನಿಜ ಅಂತ ಎಲ್ಲರೂ ಒಪ್ಪಿಕೊಂಡರು. ಪುಸ್ತಕದಲ್ಲಿ ಬರೆದಿದೆ ಅಂತ ನಂಬುವ ಕಾಲ ಹೋಗಿ ‘ನಾವೇ ಪರೀಕ್ಷೆ ಮಾಡಿ ನೋಡೋಣ’ ಅನ್ನುವ ಕಾಲ ಬರುತ್ತಿತ್ತು. ಪುನರುಜ್ಜೀವನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಏಳನೇ ತರಗತಿಯ ಮಕ್ಕಳೂ ಕೇಳುತ್ತಾರೆ: ಒಂದೇ ಆನೆ, ಅದೂ ಮರಿ, ಓಡಿಹೋಯಿತು ಅಂದರೆ ಸಾಬೀತಾಯಿತಾ ಸರ್? ಕೇಳಲಿ. ಅದೇ ಬೇಕಾದದ್ದು.

ಇದನ್ನೆಲ್ಲ ವ್ಯಾಲೆಂಟಿಮ್ ಫರ್ನಾಂಡಿಸ್ ಅನ್ನುವವನು ಕಾಗದ ಬರೆದು ನ್ಯೂರೆಂಬರ್ಗ್‌ಗೆ ತಿಳಿಸಿದ. ಅವನು ಮೊರಾವಿಯಾ ಮೂಲದವನು, ಲಿಸ್ಬನ್‌ನಲ್ಲಿ ಮುದ್ರಕ. ಮೂಲ ಕಾಗದ ಹೋಗಿದೆ, ಇಟಾಲಿಯನ್ ಪ್ರತಿ ಫ್ಲಾರೆನ್ಸಿನಲ್ಲಿ ಉಳಿದಿದೆ. ಸುದ್ದಿ ಬಂತು, ಗೀಚಿದ ಚಿತ್ರವೂ ಬಂತು. ಡ್ಯೂರರ್ ಮೊದಲು ಮಸಿಯಲ್ಲಿ ಬರೆದ. ಆ ಹಾಳೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆಮೇಲೆ ಅದನ್ನು ಮರದ ಹಲಗೆಗೆ ಇಳಿಸಿದರು. ‘ಇಳಿಸಿದರು’ ಅಂದೆ, ಗಮನಿಸಿ. ಗೆರೆ ಡ್ಯೂರರ್‌ನದು. ಹಲಗೆ ಕೆತ್ತಿದ ಕೈ ಬೇರೆ. ಅಂಥ ಕೆಲಸಕ್ಕೇ ಕಸುಬುದಾರರಿದ್ದರು. ಆ ಕವಚದ ಒಂದೊಂದು ಚುಕ್ಕೆಯ ಸುತ್ತ ಮರವನ್ನು ತೆಗೆದು ಗೆರೆ ಉಬ್ಬಿ ನಿಲ್ಲುವಂತೆ ಮಾಡಿದವನು ಅವನು. ಚಿತ್ರದಲ್ಲಿ ಡ್ಯೂರರ್‌ನ ಗುರುತು ಇದೆ, ಎ ಮತ್ತು ಡಿ. ಕೆತ್ತಿದವನ ಗುರುತು ಇಲ್ಲ.

ಮರದ ಹಲಗೆ ಅಂದರೆ ಸಾವಿರಾರು ಪ್ರತಿ ಒತ್ತಬಹುದು. ಜಾತ್ರೆಯಲ್ಲಿ ದೇವರ ಪಟ ಕೊಳ್ಳುವ ಹಾಗೆ ಜನ ಇದನ್ನು ಕೊಂಡರು. ಡ್ಯೂರರ್ ಬದುಕಿದ್ದಾಗಲೇ ನಾಲ್ಕೈದು ಸಾವಿರ ಪ್ರತಿ ಹೋಗಿರಬಹುದು ಅಂತ ತಜ್ಞರ ಅಂದಾಜು. ಅವನು ಸತ್ತ ಮೇಲೂ ಆ ಹಲಗೆಯಿಂದ ಒತ್ತುತ್ತಲೇ ಇದ್ದರು. ಹಲಗೆ ಸೀಳು ಬಿಟ್ಟಿತು. ಆ ಸೀಳು ಮುದ್ರಣದಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ. ಇಲ್ಲಿ, ಈ ಪ್ರತಿಯಲ್ಲಿ ನೋಡಿ, ಕಾಲಿನ ಮೇಲೆ ಹಾಯ್ದಿದೆ. ಸೀಳು ದೊಡ್ಡದಾದಷ್ಟೂ ಪ್ರತಿ ಹೊಸದು. ಹೀಗೆ ಯಾವ ಪ್ರತಿ ಮೊದಲಿನದು, ಯಾವುದು ಆಮೇಲಿನದು ಅಂತ ಗುರುತಿಸುತ್ತಾರೆ. ಇಷ್ಟು ಸಾಕು, ಒಂದು ಪೂರ್ತಿ ತರಗತಿ ಮಾಡಬಹುದು. ಎರಡು ಪ್ರತಿ ಕೊಡಿ, ಯಾವುದು ಹಳೆಯದು ಹೇಳಿ ಅಂತ ಕೇಳಿ. ಆಧಾರ ಅಂದರೆ ಏನು ಅಂತ ಅವರೇ ಹೇಳಿಬಿಡುತ್ತಾರೆ. ಮುದ್ರಣದ ಮೇಲ್ಗಡೆ ಇರುವ ಬರಹದಲ್ಲಿ ಪ್ರಾಣಿ ಬಂದದ್ದು 1513 ಅಂತ ತಪ್ಪಾಗಿ ಅಚ್ಚಾಗಿದೆ. ಅಚ್ಚಾದದ್ದೆಲ್ಲ ನಿಜವಲ್ಲ ಅನ್ನುವುದಕ್ಕೂ ಇದೇ ಚಿತ್ರ ಸಾಕು.

ಈಗ ಇನ್ನೊಂದು ಚಿತ್ರ. ನನಗೆ ಮುಖ್ಯವಾದದ್ದು ಇದು.

ಅದೇ ವರ್ಷ, ಪಕ್ಕದ ಆಗ್ಸ್‌ಬರ್ಗ್‌ನಲ್ಲಿ ಹಾನ್ಸ್ ಬುರ್ಗ್‌ಕ್ಮೇರ್ ಅನ್ನುವ ಕಲಾವಿದ ಕೂಡ ಇದೇ ಘೇಂಡಾಮೃಗದ ಚಿತ್ರ ಮಾಡಿದ. ಅವನೂ ಪ್ರಾಣಿಯನ್ನು ನೋಡಿರಲಿಲ್ಲ. ಆದರೆ ಭಾರತದ ಸುದ್ದಿ ಅವನಿಗೆ ಹೊಸದಲ್ಲ. ಬಾಲ್ತಸಾರ್ ಸ್ಪ್ರೆಂಗರ್ ಅಂತ ಒಬ್ಬ ಜರ್ಮನ್ ವ್ಯಾಪಾರಿ 1505ರಲ್ಲಿ ಪೋರ್ಚುಗೀಸರ ವೈಸ್‌ರಾಯ್ ಅಲ್ಮೇಡಾನ ಹಡಗುಗಳ ಜೊತೆ ಇಲ್ಲಿಗೆ ಬಂದಿದ್ದ. ಅಂಜುದೀವ ದ್ವೀಪದಲ್ಲಿ ಕೋಟೆ ಕಟ್ಟಿ, ಹೊನ್ನಾವರದ ಬಂದರಿನಲ್ಲಿ ಹಡಗು ಸುಟ್ಟ ಅದೇ ಅಲ್ಮೇಡಾ. ಸ್ಪ್ರೆಂಗರ್ ವಾಪಸ್ ಹೋಗಿ ಹೇಳಿದ್ದನ್ನು ಕೇಳಿ ಬುರ್ಗ್‌ಕ್ಮೇರ್ 1508ರಲ್ಲೇ ಆಫ್ರಿಕಾ, ಭಾರತದ ಜನರ ಸಾಲು ಚಿತ್ರ ಮಾಡಿದ್ದ. ಅದರಲ್ಲಿ ಕೊಚ್ಚಿಯ ರಾಜನೂ ಇದ್ದಾನೆ.

ಬುರ್ಗ್‌ಕ್ಮೇರ್‌ನ ಘೇಂಡಾಮೃಗ ನೋಡಿ. ಕವಚವಿಲ್ಲ. ಚರ್ಮ ಚರ್ಮದ ಹಾಗೇ ಇದೆ, ಮಡಿಕೆ ಬಿದ್ದಿದೆ, ಕೂದಲಿದೆ. ಹೆಗಲ ಮೇಲೆ ಕೊಂಬಿಲ್ಲ. ನಿಜಕ್ಕೆ ತುಂಬ ಹತ್ತಿರ. ಈಗ ಮುಂಗಾಲು ನೋಡಿ. ಏನು ಕಾಣುತ್ತಿದೆ?

ಹೌದು. ಕಾಲು ಕಟ್ಟಿದ್ದಾರೆ.

ಈಗ ಡ್ಯೂರರ್‌ನ ಚಿತ್ರಕ್ಕೆ ವಾಪಸ್ ಹೋಗಿ. ಕಟ್ಟಿಲ್ಲ. ಹಗ್ಗವಿಲ್ಲ, ಸರಪಳಿಯಿಲ್ಲ. ಕವಚ ತೊಟ್ಟ ವೀರ, ಯಾರ ಹಂಗೂ ಇಲ್ಲದೆ ನಿಂತಿದ್ದಾನೆ. ಸಾವಿರ ಸಾವಿರ ಪ್ರತಿ ಹೋದದ್ದು ಈ ಚಿತ್ರ. ಜರ್ಮನಿಯ ಶಾಲಾ ಪುಸ್ತಕಗಳಲ್ಲಿ 20ನೇ ಶತಮಾನದವರೆಗೂ ಘೇಂಡಾಮೃಗ ಅಂದರೆ ಇದೇ. ಕಾಲು ಕಟ್ಟಿದ ಚಿತ್ರದ ಒಂದೇ ಒಂದು ಪ್ರತಿ ಉಳಿದಿದೆ, ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂನಲ್ಲಿ.

ನನಗೆ ಡ್ಯೂರರ್ ಮೇಲೆ ಕೋಪವಿಲ್ಲ. ಅವನು ಹೊಸದನ್ನು ನೋಡಲು ಹಂಬಲಿಸಿದ ಮನುಷ್ಯ. ಮುಂದೆ 1520ರಲ್ಲಿ ಒಂದು ತಿಮಿಂಗಿಲ ದಡಕ್ಕೆ ಬಿದ್ದಿದೆ ಅಂತ ಕೇಳಿ ಕೊರೆಯುವ ಚಳಿಯಲ್ಲಿ ನೆದರ್ಲೆಂಡ್ಸಿನ ಜೀಲೆಂಡ್‌ಗೆ ಹೋದ. ಅವನು ಹೋಗುವಷ್ಟರಲ್ಲಿ ಸಮುದ್ರ ಅದನ್ನು ಎಳೆದುಕೊಂಡು ಹೋಗಿತ್ತು. ಬ್ರಸೆಲ್ಸ್‌ನಲ್ಲಿ ಮೆಕ್ಸಿಕೋದ ಚಿನ್ನದ ವಸ್ತುಗಳನ್ನು ನೋಡಿ, ದೂರದ ದೇಶದ ಕುಶಲಕರ್ಮಿಗಳ ಬುದ್ಧಿಗೆ ಬೆರಗಾದೆ ಅಂತ ದಿನಚರಿಯಲ್ಲಿ ಬರೆದುಕೊಂಡ. ಅವು ಕರಗಿಸಿದರೆ ಎಷ್ಟು ಬೆಲೆ ಬಾಳುತ್ತವೆ ಅಂತ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಹಾಗೆ ನೋಡಿದವನು ಅವನು. ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೂ ಗೆದ್ದ ಚಿತ್ರದಲ್ಲಿ ಸರಪಳಿ ಇಲ್ಲ. ಅದನ್ನು ನಾವು ಹೇಳಬೇಕು.

ಯಾಕೆ ಅಂದರೆ ಆ ಪ್ರಾಣಿಯನ್ನು ಕೊಂದದ್ದು ಸರಪಳಿ. ಮ್ಯಾನುಯೆಲ್ ದೊರೆ ಅದನ್ನು ರೋಮಿನ ಪೋಪ್ ಹತ್ತನೇ ಲಿಯೋಗೆ ಕೊಡಲು ತೀರ್ಮಾನಿಸಿದ. ಹಿಂದಿನ ವರ್ಷ ಒಂದು ಬಿಳಿ ಆನೆ ಕಳಿಸಿದ್ದ, ಹಾನ್ನೋ ಅಂತ ಹೆಸರು. ಅದೂ ನಮ್ಮ ಕಡೆಯದೇ. ಪೋಪ್‌ಗೆ ತುಂಬ ಇಷ್ಟವಾಗಿತ್ತು. ಈಗ ಘೇಂಡಾಮೃಗ. ಕುತ್ತಿಗೆಗೆ ಹಸಿರು ಮಖಮಲ್ಲಿನ ಪಟ್ಟಿ ಹಾಕಿ 1515ರ ಡಿಸೆಂಬರಿನಲ್ಲಿ ಹಡಗು ಹತ್ತಿಸಿದರು. ದಾರಿಯಲ್ಲಿ ಮಾರ್ಸೇಲ್ಸ್ ಹತ್ತಿರದ ದ್ವೀಪವೊಂದರಲ್ಲಿ ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್ ಅದನ್ನು ನೋಡಿದ. 1516ರ ಆರಂಭದಲ್ಲಿ ಇಟಲಿಯ ಪೋರ್ಟೊ ವೆನೆರೆ ಬಳಿ ಬಿರುಗಾಳಿ ಎದ್ದಿತು. ಹಡಗು ಮುಳುಗಿತು. ಘೇಂಡಾಮೃಗ ಚೆನ್ನಾಗಿ ಈಜುವ ಪ್ರಾಣಿ. ಬ್ರಹ್ಮಪುತ್ರದ ಪ್ರವಾಹದಲ್ಲೇ ಈಜುತ್ತದೆ. ಇದು ಈಜಲಾಗಲಿಲ್ಲ. ಹಡಗಿನ ಮೇಲೆ ಸರಪಳಿಯಿಂದ ಬಿಗಿದಿದ್ದರು. ಅದರ ಜೊತೆ ಓಸೆಂ ಇದ್ದನೋ ಇಲ್ಲವೋ, ಮಕ್ಕಳು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಗೋವಾದಿಂದ ಬಂದ ಆ ಮನುಷ್ಯನ ಗತಿ ಏನಾಯಿತು ಅಂತ ಒಂದು ಮಗು ಕೇಳಿದರೆ ನಿಮ್ಮ ಪಾಠ ಗೆದ್ದಿತು ಅಂತ ನನ್ನ ಲೆಕ್ಕ.

ಚೀಟಿ ಬಂತು. ಹದಿನೈದು ನಿಮಿಷ ಅಂತಿದೆ. ಘೇಂಡಾಮೃಗ ನನ್ನ ಸಮಯವನ್ನೆಲ್ಲ ಮೇಯ್ದುಬಿಟ್ಟಿದೆ. ಉಳಿದ ಮೂರನ್ನು ಬೇಗ ಬೇಗ ಹೇಳುತ್ತೇನೆ.

ಪ್ಲಿನಿಯ ಮಾತು ಬಂತಲ್ಲ. ಅವನು ಸತ್ತದ್ದು ಕ್ರಿ.ಶ. 79ರಲ್ಲಿ, ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ. ಅವನು ಅಲ್ಲಿನ ನೌಕಾಪಡೆಯ ಅಧಿಕಾರಿ. ಜನರನ್ನು ಪಾರು ಮಾಡಲು ಹಡಗು ತೆಗೆದುಕೊಂಡು ಹೋಗಿ ಸ್ಟೇಬಿಯೆ ದಡದಲ್ಲಿ ಸತ್ತ. ಅದೇ ಬೂದಿಯ ಕೆಳಗೆ ಪಾಂಪೆ ಊರು ಹೂತುಹೋಯಿತು. 1938ರಲ್ಲಿ ಅಲ್ಲಿನ ಒಂದು ಮನೆಯಲ್ಲಿ ಅಮೆಡಿಯೊ ಮಾಯೂರಿಯ ತಂಡಕ್ಕೆ ಸಿಕ್ಕಿದ್ದು ಈ ದಂತದ ಹೆಣ್ಣು. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಕೊರಳ ತುಂಬ ಹಾರ, ಕೈ ತುಂಬ ಬಳೆ, ಸೊಂಟದಲ್ಲಿ ಪಟ್ಟಿ, ಇಬ್ಬರು ಪುಟ್ಟ ಸಖಿಯರು. ನೋಡಿದ ತಕ್ಷಣ ನಮ್ಮವಳು ಅಂತ ಗೊತ್ತಾಗುತ್ತದೆ. ಪಾಂಪೆಯ ಲಕ್ಷ್ಮಿ ಅಂತ ಹೆಸರಿಟ್ಟರು. ಯಕ್ಷಿ ಅನ್ನುವವರು ಈಗ ಜಾಸ್ತಿ. ತಲೆಯ ಮೇಲಿನಿಂದ ಒಂದು ತೂತು ಇಳಿದಿದೆ. ಹಾಗಾಗಿ ಕನ್ನಡಿಯ ಹಿಡಿಯೋ, ಪೀಠೋಪಕರಣದ ಕಾಲೋ ಆಗಿದ್ದಿರಬೇಕು ಅಂತಾರೆ. ಬುಡದಲ್ಲಿ ಖರೋಷ್ಠಿ ಲಿಪಿಯ ಒಂದು ಗುರುತಿದೆ. ಇವಳನ್ನು ಹೋಲುವ ಬೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ. ಎರಡೂ ಶಾತವಾಹನರ ಕಾಲದ ವ್ಯಾಪಾರದ ಊರುಗಳು.

ಪ್ಲಿನಿ ಬದುಕಿದ್ದಾಗ ಒಂದು ಗೊಣಗಾಟ ಬರೆದಿದ್ದ. ಭಾರತ ಪ್ರತಿ ವರ್ಷ ನಮ್ಮಿಂದ ಐದು ಕೋಟಿ ಸೆಸ್ಟರ್ಸ್, ಅಂದರೆ ರೋಮನ್ ನಾಣ್ಯ, ಸೆಳೆದುಕೊಳ್ಳುತ್ತಿದೆ ಅಂತ. ಆ ದುಡ್ಡಿನ ಪುಡಿ ನಮ್ಮ ಮನೆಯಂಗಳದಲ್ಲೂ ಬಿದ್ದಿದೆ. ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಚಿತ್ರದುರ್ಗದ ಶಿಕ್ಷಕರು ಇಲ್ಲಿದ್ದರೆ ಕೇಳಿ: ನಿಮ್ಮ ಮಕ್ಕಳಿಗೆ ರೋಮ್ ಪಾಠವನ್ನು ಇಟಲಿಯ ನಕ್ಷೆಯಿಂದ ಶುರು ಮಾಡಬೇಡಿ, ಚಂದ್ರವಳ್ಳಿಯಿಂದ ಶುರು ಮಾಡಿ. ಮತ್ತೆ ಅದೇ ಪ್ರಶ್ನೆ. ದಂತ ಕೊರೆದವರು ಯಾರು, ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಸಿದವರು ಯಾರು? ಪಾಂಪೆಯಲ್ಲಿ ಆ ಮನೆಯ ಯಾವ ಹೆಂಗಸು ಅದನ್ನು ದಿನಾ ಬೆಳಿಗ್ಗೆ ಕೈಗೆ ತೆಗೆದುಕೊಂಡಳು?

ಇನ್ನು ಆತಕೂರು. ಇದನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ.

ಆತಕೂರಿನ ಕಲ್ಲು ನಿಮಗೆಲ್ಲ ಗೊತ್ತು. ಮದ್ದೂರಿನ ಕಡೆಯದು. ಶಕ 872, ಅಂದರೆ 949-50. ಪರೀಕ್ಷೆಗೆ ನಾವು ಇದನ್ನು ಯಾಕೆ ಹೇಳಿಕೊಡುತ್ತೇವೆ? ತಕ್ಕೋಲಂ ಯುದ್ಧಕ್ಕೆ. ರಾಷ್ಟ್ರಕೂಟ ಮೂರನೇ ಕೃಷ್ಣ, ಅವನ ಅಕ್ಕನ ಗಂಡ ಗಂಗ ಬೂತುಗ, ಸತ್ತ ಚೋಳ ರಾಜಾದಿತ್ಯ. ಒಂದು ಅಂಕದ ಪ್ರಶ್ನೆ ಮುಗಿಯಿತು. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ಯಾವುದು? ರಾಜನದಲ್ಲ. ಆನೆಯದಲ್ಲ. ಒಂದು ನಾಯಿ ಒಂದು ಹಂದಿಯ ಮೇಲೆ ಬಿದ್ದಿದೆ!

ಬೂತುಗನ ಬಂಟ ಮಣಲೇರ. ತಕ್ಕೋಲಂನಲ್ಲಿ ಚೆನ್ನಾಗಿ ಹೋರಾಡಿದ. ಅರಸ ಮೆಚ್ಚಿ, ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿದ. ಆ ಕಲ್ಲಿಗೆ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟ. ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ, ಅಂದರೆ ಶಿವನ ಗುಡಿಯ ಪೂಜಾರಿಗೆ, ಪಾಪ ತಟ್ಟುತ್ತದೆ ಅಂತ ಕಲ್ಲಿನಲ್ಲೇ ಹೇಳಿದೆ.

ಈಗ ಹೇಳಿ. ರಾಷ್ಟ್ರಕೂಟರ ದಕ್ಷಿಣದ ಅತಿ ದೊಡ್ಡ ಗೆಲುವಿನ ವಿವರ ನಮಗೆ ಸಿಕ್ಕಿದ್ದು ಒಂದು ನಾಯಿಯ ಕಲ್ಲಿನಿಂದ. ಮಣಲೇರನಿಗೆ ಆ ನಾಯಿಯ ಮೇಲೆ ಅಷ್ಟು ಪ್ರೀತಿ ಇರದಿದ್ದರೆ ಈ ಕಲ್ಲೇ ಇರುತ್ತಿರಲಿಲ್ಲ. ರಾಜರು ಈ ಕಲ್ಲಿಗೆ ಬಂದಿರುವುದು ನಾಯಿಯ ದೆಸೆಯಿಂದ. ಪಾಠದಲ್ಲಿ ಮಾತ್ರ ನಾಯಿಯನ್ನು ಹೊರಗೆ ಕಟ್ಟಿ ರಾಜರನ್ನು ಒಳಗೆ ಕರೆಯುತ್ತೇವೆ. ನನಗೆ ಇದು ನಿಜವಾಗಿಯೂ ನೋವು ತರುತ್ತದೆ. ಹತ್ತು ವರ್ಷದ ಹುಡುಗನಿಗೆ ಕಾಳಿಯ ಕಥೆ ಹೇಳಿ ನೋಡಿ. ತಕ್ಕೋಲಂ ಎಲ್ಲಿದೆ ಅಂತ ಅವನೇ ಕೇಳುತ್ತಾನೆ. ಬೂತುಗ ಯಾರು ಅಂತ ಅವನೇ ಕೇಳುತ್ತಾನೆ. ವರ್ಷ ಕೂಡ ಮರೆಯುವುದಿಲ್ಲ. ಕಲ್ಲು ಎಲ್ಲೋ ದೂರ ಇಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ವಿಧಾನಸೌಧ ನೋಡಿ, ಕಬ್ಬನ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿ, ಪಕ್ಕದಲ್ಲೇ ಇರುವ ಕಾಳಿಯನ್ನು ನೋಡದೆ ಬಸ್ಸು ಹತ್ತುತ್ತಾರೆ. ಈ ವರ್ಷ ಹಾಗೆ ಮಾಡಬೇಡಿ.

ಇದೊಂದೇ ಅಲ್ಲ. ನಿಮ್ಮ ನಿಮ್ಮ ಊರಿನಲ್ಲಿ ವೀರಗಲ್ಲು ಇವೆ. ತುರು ಕಾಯುತ್ತಾ ಸತ್ತವನು, ಹುಲಿ ಹೊಡೆದು ಸತ್ತವನು. ಕೆಲವು ಚರಂಡಿಗೆ ಚಪ್ಪಡಿಯಾಗಿವೆ, ಕೆಲವಕ್ಕೆ ಎಮ್ಮೆ ಕಟ್ಟಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಮಣ್ಣು ಒರೆಸಿ, ಮೂರು ಪಟ್ಟಿಕೆ ಓದಿಸಿ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಸುಣ್ಣ, ಪೇಂಟು ಮಾತ್ರ ಹಚ್ಚಬೇಡಿ. ಉಜ್ಜಬೇಡಿ. ಸೀಮೆಸುಣ್ಣದಿಂದ ಅಕ್ಷರದ ಮೇಲೆ ಬರೆಯಲೂಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಲೂಯಿಸ್ ದ್ವೀಪದ ಚದುರಂಗದ ಕಾಯಿಗಳ ಬಗ್ಗೆ ಹೇಳಬೇಕೆಂದಿದ್ದ ಭಾಗ ಹೋಯಿತು. ಚಿತ್ರ ಮಾತ್ರ ತೋರಿಸುತ್ತೇನೆ. 12ನೇ ಶತಮಾನದ್ದು, ಹೆಚ್ಚಿನವು ವಾಲ್ರಸ್ ಪ್ರಾಣಿಯ ಕೋರೆಹಲ್ಲಿನಲ್ಲಿ ಕೆತ್ತಿದವು, 1831ರ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಸಿಕ್ಕವು. ನಮ್ಮ ಚತುರಂಗ ಪರ್ಷಿಯಾ, ಅರಬ್ ನಾಡು ದಾಟಿ ಆ ಚಳಿ ದೇಶಕ್ಕೆ ಹೋಗಿ ಹೀಗಾಗಿದೆ. ನಮ್ಮ ಮಂತ್ರಿ ಅಲ್ಲಿ ರಾಣಿಯಾಗಿದ್ದಾಳೆ, ಕೆನ್ನೆಗೆ ಕೈಕೊಟ್ಟು ಕೂತಿದ್ದಾಳೆ. ಆನೆಯ ಜಾಗದಲ್ಲಿ ಪಾದ್ರಿ ಬಂದಿದ್ದಾನೆ. ರಥದ ಜಾಗದಲ್ಲಿ ಕಾವಲುಗಾರ. ಈ ಕಾವಲುಗಾರನನ್ನು ನೋಡಿ, ಆವೇಶ ಬಂದು ತನ್ನ ಗುರಾಣಿಯನ್ನೇ ಕಚ್ಚುತ್ತಿದ್ದಾನೆ! ನಗಿ, ಪರವಾಗಿಲ್ಲ, ಮಕ್ಕಳೂ ನಗುತ್ತಾರೆ. ಇಂಥದ್ದೇ ಒಂದು ಕಾವಲುಗಾರನನ್ನು ಸ್ಕಾಟ್ಲೆಂಡಿನ ವ್ಯಾಪಾರಿಯೊಬ್ಬ 1964ರಲ್ಲಿ ಐದು ಪೌಂಡಿಗೆ ಕೊಂಡಿದ್ದ. ಏನು ಅಂತ ಗೊತ್ತಿಲ್ಲದೆ ಮನೆಯವರು ಡ್ರಾಯರಿನಲ್ಲಿ ಇಟ್ಟಿದ್ದರು. 2019ರಲ್ಲಿ ಅದು 7,35,000 ಪೌಂಡಿಗೆ ಹರಾಜಾಯಿತು.

ಈ ಚಿತ್ರಗಳನ್ನೆಲ್ಲ ಬಾಗಿಲ ಹತ್ತಿರದ ಮೇಜಿನ ಮೇಲೆ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಡ್ಯೂರರ್ ಮತ್ತು ಬುರ್ಗ್‌ಕ್ಮೇರ್ ಎರಡನ್ನೂ ಜೊತೆಯಾಗಿ ತೆಗೆದುಕೊಳ್ಳಿ, ಒಂದನ್ನೇ ಬೇಡ. ಪ್ರಶ್ನೆಗೆ ಐದು ನಿಮಿಷ ಇದೆ ಅಂತಿದ್ದಾರೆ. ಆ ಕಿಟಕಿ ಪಕ್ಕದ ಮೇಡಂ ಆಗಲೇ ಕೈ ಎತ್ತಿದ್ದರು, ಅವರು ಮೊದಲು ಕೇಳಲಿ.